ತಟ್ಟೆ ತೊಳೆಯದ ಹುಡುಗರು

ಕ್ಯಾಮೆರಾದೊಳಗೊಂದು ಕೆಂಪು ಚುಕ್ಕೆ, ಹೇಳಿ ಸರ್, ಈ ಹಾಸ್ಟೆಲ್ ಹೇಗೆ ಶುರುವಾಯ್ತು, ಟ್ರಸ್ಟಿನ ಕಡೆಯಿಂದ ಬಂದ ಚೈತ್ರಾ ಮತ್ತೆ ಕೇಳಿದಳು, ಹೇಗೆ ಶುರುವಾಯಿತು, ಕುರ್ಚಿಯ ಕಬ್ಬಿಣ ವಾರ್ಡನ್ ಸುಬ್ಬರಾಯನ ಬೆನ್ನಿಗೆ ಒತ್ತುತ್ತಿದೆ, ಎಲ್ಲಿಂದ ಹೇಳುವುದು, ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಮಂಜುನಾಥಪ್ಪನವರ ಹೋಟೆಲಿತ್ತಲ್ಲ, ಅದರ ಸೌದೆ ಕೊಟ್ಟಿಗೆಯಿಂದ ಹೇಳಬೇಕು — ಒಂದು ಬೆಳಿಗ್ಗೆ ಅವರೇ ಸೌದೆ ತೆಗೆಯಲು ಹೋದರೆ ಗೋಣಿಯೊಳಗೆ ಮುದುಡಿ ಮಲಗಿದ್ದಾನೆ ನಿಟ್ಟೂರಿನ ಹುಡುಗ, ತಮ್ಮದೇ ಹೋಟೆಲಿನ ಕ್ಲೀನರ್, ತೊಳೆದು ತೊಳೆದು ಬೆರಳ ಸಂದಿಯೆಲ್ಲ ಬೆಳ್ಳಗೆ ಬಿರಿದಿದೆ, ಮಾಲೀಕರು ಅಲ್ಲೇ ಕುಕ್ಕರಿಸಿದರಂತೆ, ಆಮೇಲೆ ಕೊಟ್ಟಿಗೆಗೆ ಸುಣ್ಣ ಬಳಿಸಿದರು, ಚಾಪೆ ತರಿಸಿದರು, ಹೋಟೆಲು ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರೆಲ್ಲ ಸಂಜೆ ಬಂದು ಉಣ್ಣಲಿ, ಓದಲಿ ಎಂದು ತನ್ನನ್ನು ವಾರ್ಡನ್ ಮಾಡಿದರು, ಆದ್ರೆ ಒಂದ್ಮಾತು ಸುಬ್ಬರಾಯ, ಇಲ್ಲಿ ಹುಡುಗ್ರು ತಟ್ಟೆ ತೊಳೀಬಾರ್ದು, ನನ್ ಹೋಟ್ಲಲ್ಲಿ ತೊಳ್ದಿದ್ದೇ ಸಾಕು, ಅಂದಿನಿಂದ ತೊಳೆಯುವವರು ತಾನು ಮತ್ತು ಅಡುಗೆಯ ದುಗ್ಗಮ್ಮ, ಊರವರು ನಕ್ಕರು, ಏನ್ರೀ, ದೊರೆ ಮಕ್ಕಳನ್ನ ಸಾಕ್ತಿದೀರಾ, ಹೌದು ಸಾಕಿದೆವು, ಏನೀಗ — ಮಂಜುನಾಥಪ್ಪ ತೀರಿಹೋದರು, ತೀರ್ಥಹಳ್ಳಿಯಲ್ಲಿ ತೆರೆದಿದ್ದ ಇಂಥದೇ ಹಾಸ್ಟೆಲ್ ಮುಚ್ಚಿತು, ಹೊಸನಗರದ್ದೂ ಮುಚ್ಚಿತು, ಈಗೀಗ ಅಧಿಕಾರಿಗಳು ಕೆಲಸದಿಂದ ಬಿಡಿಸಿದ ಹುಡುಗರನ್ನು ತಂದು ಬಿಡುವುದಕ್ಕೆ ಉಳಿದಿರುವುದು ಇದೊಂದೇ, ಈ ವಿಡಿಯೋ ನೋಡಿ ದಾನಿಗಳು ಒಪ್ಪದಿದ್ದರೆ ಇದಕ್ಕೂ ಬೀಗ, ಹುಡುಗರು ಮತ್ತೆ ಯಾವುದೋ ಹೋಟೆಲಿನ ಹಿತ್ತಲಿಗೆ, ಸಾಕಾಗಿದೆ, ನಿಜಕ್ಕೂ ಸಾಕಾಗಿದೆ, ಸೊಂಟ ಬಗ್ಗುವುದಿಲ್ಲ, ಯಾರಾದರೂ ಬಂದು ಇನ್ನು ನೀವು ಏಳಿ ಅಂದರೆ ಎದ್ದು ಹೋಗಿಬಿಡಬಹುದು.

ಸರ್, ಹುಡುಗರು ಸಾಲಾಗಿ ನಿಂತು ತಟ್ಟೆ ತೊಳೆಯೋದೊಂದು ತೆಗೀಲಾ, ಶಿಸ್ತು, ಸ್ವಾವಲಂಬನೆ, ನೋಡೋರಿಗೆ ಇಷ್ಟವಾಗುತ್ತೆ — ಚೈತ್ರಾ ಕೆಟ್ಟವಳಲ್ಲ, ಈ ಜಾಗ ಉಳಿಯಲಿ ಎಂದೇ ಒದ್ದಾಡುತ್ತಿದ್ದಾಳೆ, ಬೇಡ ಅನ್ನಬೇಕು, ಅನ್ನುತ್ತೇನೆ, ಅಂದರೆ ಬೀಗ, ಅನ್ನದಿದ್ದರೆ ಮಂಜುನಾಥಪ್ಪನವರ ಮಾತು ಮುರಿದಂತೆ, ಅತ್ತ ದರಿ ಇತ್ತ ಪುಲಿ, ಬಾಗಿಲಲ್ಲಿ ನಿಂತ ದುಗ್ಗಮ್ಮನೂ ಸೋತಿದ್ದಾಳೆ, ಒಂದಿನ ತೊಳೀಲಿ ಬಿಡಿ ಮಾರಾಯ್ರೆ, ಕೈ ಸವೆದು ಹೋಗುತ್ತಾ, ಸುಬ್ಬರಾಯನ ತಲೆ ತಾನಾಗಿ ಆಡಿತು, ಹೂಂ ಎಂದಂತೆ, ಅಷ್ಟೇ ಸಾಕಾಯಿತು, ನಲ್ಲಿ ಬಿಟ್ಟರು, ಎಲ್ಲರಿಗಿಂತ ಮುಂದೆ ಪೂರ್ಣೇಶ್, ತಾಳಗುಪ್ಪದ ಖಾನಾವಳಿಯಿಂದ ಮೊನ್ನೆ ಮೊನ್ನೆ ಬಂದವನು, ಉಂಡ ತಟ್ಟೆಯನ್ನು ಬಿಟ್ಟು ಏಳಲು ಈಗಷ್ಟೇ ಕಲಿತಿದ್ದವನು, ಅಬ್ಬಾ ಏನು ವೇಗ, ಕೈ ಏನನ್ನೂ ಮರೆತಿಲ್ಲ, ತುಂಬಾ ಚೆನ್ನಾಗಿ ಬಂತು ಪುಟ್ಟಾ ಎಂದಳು ಚೈತ್ರಾ, ಅವನು ಕೈಯನ್ನು ಚಡ್ಡಿಗೆ ಒರೆಸಿಕೊಂಡ, ಒದ್ದೆ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡ, ಅವಳ ಮುಂದೆ ಕತ್ತು ಓರೆ ಮಾಡಿ ನಿಂತ, ಇನ್ನೇನ್ ಬೇಕಕ್ಕಾ, ಕಾಫಿನಾ ಟೀನಾ — ಬಂದ ಹೊಸತರಲ್ಲಿ ಎಲ್ಲ ಹುಡುಗರೂ ಹೀಗೇ ನಿಲ್ಲುತ್ತಿದ್ದರು, ಬೈದರೂ, ಮುದ್ದು ಮಾಡಿದರೂ, ಆ ಕತ್ತನ್ನು ನೆಟ್ಟಗೆ ಮಾಡುವುದೇ ಇಷ್ಟು ವರ್ಷ ಇಲ್ಲಿ ಮಾಡಿದ ಕೆಲಸ, ಬೇರೇನೂ ಅಲ್ಲ, ಚೈತ್ರಾ ಕ್ಯಾಮೆರಾವನ್ನು ಮತ್ತೆ ಇತ್ತ ತಿರುಗಿಸಿದಳು, ಈಗ ಹೇಳಿ ಸರ್, ಏನು ಹೇಳಲಿ, ಆ ಓರೆ ಕತ್ತು, ಸರ್, ಆ ಓರೆ ಕತ್ತು, ಆ ಓರೆ ಕತ್ತು