ಗೀಟು ಎಳೆದ ರಸೀದಿ

ಅಮೀನಸಾಬರು ಡಿಸೆಂಬರ್ ಹತ್ತನೇ ತಾರೀಖು ಮಂಗಳವಾರ ಮಧ್ಯಾಹ್ನ ತೀರಿಕೊಂಡರು. ಅವರಿಗೆ ಎಪ್ಪತ್ತಮೂರು ವರ್ಷವಾಗಿತ್ತು. ಶಹಾಪುರದ ಮೇನ್ ರೋಡಿನಲ್ಲಿ ಉಳಿದಿದ್ದ ಕೊನೆಯ ಡ್ರೈಕ್ಲೀನಿಂಗ್ ಅಂಗಡಿ ಅವರದು. ಆ ಅಂಗಡಿಯಲ್ಲೇ, ಇಸ್ತ್ರಿ ಮೇಜಿನ ಹಿಂದಿನ ಸ್ಟೂಲಿನ ಮೇಲೆ ಕೂತಿದ್ದವರು ಹಾಗೆಯೇ ಮೇಜಿಗೆ ತಲೆಯಿಟ್ಟರು. ಹೃದಯ ನಿಂತಿತು ಎಂದರು ಡಾಕ್ಟರು. ಸುದ್ದಿ ಇಷ್ಟೇ.

ಮನೆಗೆ ತಂದು ಮಂಚದ ಮೇಲೆ ಮಲಗಿಸುವಾಗ ಯಾರೋ ಅವರ ಎಡಗೈಯನ್ನು ನೆಟ್ಟಗೆ ಮಾಡಲು ಹೊರಟರು. ಹೆಂಡತಿ ಹಜರಾಬೀ ಬಾಗಿಲಲ್ಲಿ ನಿಂತೇ ತಡೆದರು. "ಬಿಡ್ರಿ, ಆ ಕೈ ನೆಟ್ಟಗ ಆಗಾಂಗಿಲ್ಲ. ನಾ ಬಂದಾಗಿಂದ ಹಂಗ ಅದ."

ಅದು ನಿಜ. ಐವತ್ತು ವರ್ಷ ಊರವರ ಕೋಟುಗಳನ್ನು ಆ ತೋಳಿನ ಮೇಲೆ ಹೊತ್ತು ಹೊತ್ತು, ಬರಿಗೈಯಲ್ಲಿ ನಮಾಜಿಗೆ ಹೊರಟಾಗಲೂ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅವರ ಎಡಗೈ ಮೈಯಿಂದ ಒಂದು ಗೇಣು ದೂರದಲ್ಲಿ ಬಾಗಿಕೊಂಡೇ ಇರುತ್ತಿತ್ತು. ಯಾರದೋ ಕಾಣದ ಕೋಟು ಅಲ್ಲಿದೆ, ಅದಕ್ಕೆ ಸುಕ್ಕು ಬೀಳಬಾರದು ಎಂಬಂಥ ನಡಿಗೆ. ತಮಗಾಗಿ ಮಾತ್ರ ಅವರೊಂದು ಕೋಟು ಹೊಲಿಸಲಿಲ್ಲ. ಕೇಳಿದರೆ, "ಇಷ್ಟ ಮಂದಿದು ಮೈಮ್ಯಾಲ ಹಾಕ್ಕೊಂಡೇನಿ, ಸಾಲದೇನ್ರಿ?" ಎನ್ನುತ್ತಿದ್ದರು.

ಅವರ ಹಟಗಳಲ್ಲಿ ಎರಡನ್ನು ಹೇಳದೆ ಅವರನ್ನು ಹೇಳಲಾಗದು. ಒಂದು ರಸೀದಿಯದು. ಎಲ್ಲ ಡ್ರೈಕ್ಲೀನಿಂಗ್ ಅಂಗಡಿಗಳ ರಸೀದಿಯ ಕೆಳಗೆ ಇರುವ ಸಾಲು ಅವರ ರಸೀದಿಯಲ್ಲೂ ಅಚ್ಚಾಗಿತ್ತು: 'ಮೂವತ್ತು ದಿನಗಳೊಳಗೆ ಒಯ್ಯದ ಬಟ್ಟೆಗಳಿಗೆ ನಾವು ಜವಾಬ್ದಾರರಲ್ಲ.' ಗಿರಾಕಿಯ ಹೆಸರು, ಊರು, ಬಟ್ಟೆಯ ವಿವರ ಬರೆದಾದ ಮೇಲೆ ಅಮೀನಸಾಬರು ಪೆನ್ನನ್ನು ಒತ್ತಿ ಹಿಡಿದು ಆ ಸಾಲಿನ ಮೇಲೆ ಉದ್ದಕ್ಕೂ ಒಂದು ಗೀಟು ಎಳೆಯುತ್ತಿದ್ದರು. ಆಮೇಲೆಯೇ ರಸೀದಿಯನ್ನು ಹರಿದು ಕೊಡುವುದು. ಪ್ರೆಸ್ಸಿನವನು ಒಮ್ಮೆ, "ಸಾಬ್ರ, ಹೆಂಗೂ ಹೊಡದ ಹಾಕ್ತೀರಿ, ಮುಂದಿನ ಸಲ ಆ ಸಾಲು ತೆಗದ ಅಚ್ಚ ಮಾಡ್ತೀನಿ" ಎಂದಿದ್ದಕ್ಕೆ ಇವರು ಒಪ್ಪಲಿಲ್ಲ. "ಇರ್ಲಿ ಬಿಡಪ್ಪ. ಇಲ್ಲದ ಸಾಲು ಯಾರಿಗೆ ಕಾಣ್ತದ? ಕಣ್ಣಮುಂದ ಹೊಡದ್ರನ ಮಾತು ಕೊಟ್ಟಂಗ." ಒಪ್ಪಿಸಿಕೊಂಡ ಬಟ್ಟೆ ಅಮಾನತ್ತು, ನಂಬಿ ಕಾಪಿಡಲು ಕೊಟ್ಟ ಸೊತ್ತು, ಅದರ ಆಯುಷ್ಯ ಮೂವತ್ತು ದಿನಕ್ಕೆ ಮುಗಿಯುವುದಿಲ್ಲ ಎನ್ನುವುದು ಅವರ ಶರಿಯತ್ತು, ವ್ಯಾಪಾರ, ಮರ್ಯಾದೆ ಎಲ್ಲವೂ ಆಗಿತ್ತು.

ಇನ್ನೊಂದು ಹಟ, ಕಲೆಯ ಹಿಂದಿನ ಸತ್ಯ ಹೇಳದ ಹೊರತು ಬಟ್ಟೆ ತೆಗೆದುಕೊಳ್ಳದಿರುವುದು. ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ಮದುಮಗನ ಅಣ್ಣ ಬಿಳಿ ಸೂಟು ತಂದು, ಕುಂಕುಮದ ನೀರು ಬಿತ್ತು ಎಂದಿದ್ದನಂತೆ. ಇವರು ನಂಬಿ ಬಿಸಿನೀರು ಹಾಕಿದರು. ಅದು ಮದುವೆಯ ಜಗಳದಲ್ಲಿ ಸುರಿದ ನೆತ್ತರು. ಬಿಸಿನೀರಿಗೆ ಬೆಂದು ದಾರದೊಳಗೇ ಕೂತುಬಿಟ್ಟಿತು. ಅಂದಿನಿಂದ ಬಟ್ಟೆ ಮೇಜಿಗೆ ಬಂದೊಡನೆ ಅವರ ಮೊದಲ ಮಾತು "ಖರೇ ಹೇಳ್ರಿ."

ನಮ್ಮ ಸ್ನೇಹ ಆ ಮಾತಿನಿಂದಲೇ ಶುರುವಾದದ್ದು. ನಲವತ್ತು ವರ್ಷದ ಹಿಂದೆ ನಾನು ಇಲ್ಲಿನ ಕಾಲೇಜಿಗೆ ಗ್ರಂಥಪಾಲಕನಾಗಿ ಬಂದೆ. ನೌಕರಿಗೆಂದು ಕಲಬುರಗಿಯಲ್ಲಿ ಹೊಲಿಸಿದ್ದ ಬೂದಿಬಣ್ಣದ ಉಣ್ಣೆಯ ಕೋಟು. ಹಾಜರಾದ ವಾರದಲ್ಲೇ ಗೆಳೆಯರು ಈಚಲ ಬನಕ್ಕೆ ಕರೆದೊಯ್ದರು. ಮರುದಿನ ಕೋಟನ್ನು ಅಮೀನಸಾಬರ ಮೇಜಿನ ಮೇಲಿಟ್ಟು, ಹಣೆಯ ತುಂಬ ವಿಭೂತಿ ಧರಿಸಿ ನಿಂತಿದ್ದ ನಾನು, ಚಹಾ ಚೆಲ್ಲಿತು ಎಂದೆ. ಅವರು ತೋಳನ್ನು ಮೂಗಿಗೆ ಹಿಡಿದರು. ನನ್ನ ಹಣೆ ನೋಡಿದರು. ಮತ್ತೆ ಮೂಸಿದರು.

"ಮಾಸ್ತರ, ಈ ಚಹಾ ಗಿಡದ ಮ್ಯಾಲಿಂದ ಇಳಿಸಿದ್ದೇನ್ರಿ?"

ನಾನು ಬೆವತೆ. ಅವರು ದನಿ ತಗ್ಗಿಸಿದರು. "ಖರೇ ಹೇಳ್ರಿ. ನನಗ ಬ್ಯಾಡ, ಈ ಅರಿವಿಗೆ ಹೇಳ್ರಿ" ಎಂದು ಬಟ್ಟೆಯನ್ನೇ ನನ್ನತ್ತ ಹಿಡಿದರು.

ಹೇಳಿದೆ. ಅಷ್ಟೇನಾ ಎಂಬಂತೆ ಕೋಟನ್ನು ಎಡತೋಳಿಗೆ ಹಾಕಿಕೊಂಡರು. ರಸೀದಿಯಲ್ಲಿ 'ಕೋಟು ಒಂದು, ಚಹಾ' ಎಂದು ಬರೆದರು, ಗೀಟು ಎಳೆದರು. ಕೋಟು ಹೊಸದರಂತೆ ಬಂತು. ಈ ಸಂಗತಿ ನಲವತ್ತು ವರ್ಷ ಅವರ ಬಾಯಿಂದ ಇನ್ನೊಬ್ಬರಿಗೆ ಹೋಗಲಿಲ್ಲ. ನಾನೇ ಈಗ ಬರೆಯುತ್ತಿದ್ದೇನೆ. ಊರಿನ ಎಷ್ಟು ಜನರ ಕಲೆಗಳು ಹೀಗೆ ಅವರ ಜೊತೆ ಮಣ್ಣಿಗೆ ಹೋದವೋ ಬಲ್ಲವರಿಲ್ಲ. ಸಾವಿಗೆ ಬಂದವರಲ್ಲಿ ಕೆಲವರು ದುಃಖದ ಜೊತೆಗೆ ಸ್ವಲ್ಪ ನಿರಾಳವಾದಂತೆಯೂ ಕಂಡರು.

ನಾನು ಈ ಊರಿಗೆ ಬಂದಾಗ ಹಳೇ ಬಸ್‌ಸ್ಟ್ಯಾಂಡಿನಿಂದ ಕೋರ್ಟಿನವರೆಗೆ ಐದು ಡ್ರೈಕ್ಲೀನಿಂಗ್ ಅಂಗಡಿಗಳಿದ್ದವು. ವಕೀಲರ ಕರಿಕೋಟು, ಮದುವೆಯ ಸೂಟು, ಶೇರ್ವಾನಿ, ಜರಿಯಂಚಿನ ಸೀರೆ. ಜನವರಿಯಿಂದ ಮೇ ತನಕ ಬೀದಿಗೆ ಬೀದಿಯೇ ಪೆಟ್ರೋಲು ಮತ್ತು ಇದ್ದಲಿನ ವಾಸನೆ ಹೊಡೆಯುತ್ತಿತ್ತು. ಆಮೇಲೆ ಮನೆಮನೆಗೆ ವಾಷಿಂಗ್ ಮಷೀನು ಬಂತು. ವಕೀಲರ ಕೋಟು ನೈಲಾನಿನದಾಗಿ ಬಕೆಟ್ಟಿಗೆ ಇಳಿಯಿತು. ಒಂದು ಅಂಗಡಿ ಮೊಬೈಲ್ ಕವರಿನದಾಯಿತು, ಇನ್ನೊಂದು ಬಿರಿಯಾನಿಯದು, ಮತ್ತೆರಡು ಬಾಗಿಲೆಳೆದುಕೊಂಡವು. ಮದುಮಕ್ಕಳು ಶೇರ್ವಾನಿಯನ್ನು ಒಂದು ದಿನಕ್ಕೆ ಬಾಡಿಗೆಗೆ ತರತೊಡಗಿದರು. ಬಾಡಿಗೆ ಬಟ್ಟೆಗೆ ಕಲೆ ಬಿದ್ದರೆ ಯಾರಿಗೆ ಚಿಂತೆ?

ಆ ಬಾಡಿಗೆ ಅಂಗಡಿಯನ್ನು ತೆರೆದವನು, ಅಮೀನಸಾಬರ ಪಕ್ಕದ ಮಳಿಗೆಯಲ್ಲೇ, ಅವರ ಸ್ವಂತ ಮಗ ಅಕ್ರಮ.

ಒಳ್ಳೆಯ ಹುಡುಗ. ಸೈದಾಪುರದ ಕಡೆಯ ಫ್ಯಾಕ್ಟರಿ ಕೆಲಸ ಬಿಟ್ಟು ಬಂದು, ತನ್ನ ಬುದ್ಧಿಯಿಂದ ತಾನು ಮೇಲೆದ್ದವನು. ಅಂಗಡಿ ಬೆಳೆದು ಜಾಗ ಸಾಲದಾದಾಗ ನಡುವಿನ ಗೋಡೆ ಒಡೆಯಬೇಕೆಂದ. ಒಂದು ವರ್ಷದ ಹಿಂದೆ ನನ್ನೆದುರೇ ಈ ಮಾತಾಯಿತು.

"ಅಬ್ಬಾ, ದಿನಕ್ಕ ಒಂದು ಅರಿವಿ ಬರಾಂಗಿಲ್ಲ. ಈ ಧಂಧಾ ಸತ್ತದ. ಗ್ವಾಡಿ ಒಡದ್ರ ನಿಮಗೂ ಅಲ್ಲೇ ಒಂದು ಕುರ್ಚಿ ಹಾಕ್ತೀನಿ, ಆರಾಮ ಕುಂದರ್ರಿ."

"ಯಾಕ, ನಿನ್ನ ಅಂಗಡ್ಯಾಗ ಗೊಂಬಿ ಕಡಿಮಿ ಬಿದ್ದಾವೇನು?"

"ಚ್ಯಾಷ್ಟಿ ಬ್ಯಾಡ ಅಬ್ಬಾ. ಕಾಕಾ, ನೀವರ ಹೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಅಮೀನಸಾಬರು ಕೇಳಿದರು: "ಧಂಧಾ ಸತ್ತದ ಅಂತಿ. ಮಂದಿ ಸ್ವಚ್ಛ ಆಗ್ಯಾರೇನು? ಅರಿವಿ ಮ್ಯಾಲ ಕಲಿ, ಡಾಗ ಬೀಳೂದು ನಿಂತದೇನು?" ಆಮೇಲೆ ಗೋಡೆಯುದ್ದಕ್ಕೂ ತೂಗುತ್ತಿದ್ದ ಬಟ್ಟೆಗಳತ್ತ ಕೈ ಮಾಡಿದರು. ವರ್ಷಗಳಿಂದ ಯಾರೂ ಒಯ್ಯದವು, ಮೂವತ್ತೊಂದು. "ಇವು ನನ್ನವಲ್ಲ, ನಿನ್ನವೂ ಅಲ್ಲ. ಇವು ತಮ್ಮ ತಮ್ಮ ಮನಿ ಮುಟ್ಟಲಿ. ಕಡೀ ಅರಿವಿ ಹ್ಯಾಂಗರ್ ಬಿಟ್ಟ ದಿನ ಗ್ವಾಡಿ ಒಡಿ. ಅಲ್ಲೀತನಾ ಒಂದು ಇಟ್ಟಂಗಿ ಮುಟ್ಟಬ್ಯಾಡ."

ಅಕ್ರಮ ಒಪ್ಪಿದ. ಅಪ್ಪ ಸೋತರು, ಮರ್ಯಾದೆಗೆ ಒಂದು ನೆಪ ಕೇಳಿದರು ಎಂದುಕೊಂಡ. ನಾನೂ ಹಾಗೆಯೇ ತಿಳಿದೆ. ನಲವತ್ತು ವರ್ಷದ ಗೆಳೆಯನ ಅಂದಾಜು ಇಷ್ಟು ಕೆಡಬಾರದಿತ್ತು.

ವಾರಕ್ಕೊಂದು ದಿನ ಅಮೀನಸಾಬರೂ ನಾನೂ ಆ ಬಟ್ಟೆಗಳನ್ನು ಮುಟ್ಟಿಸಲು ಬಸ್ಸು ಹಿಡಿದೆವು. ಸುರಪುರ, ಯಾದಗಿರಿ, ರಸೀದಿ ಪುಸ್ತಕದಲ್ಲಿ ಹೆಸರಿದ್ದ ಹಳ್ಳಿಗಳು. ಸೀಟು ಸಿಕ್ಕರೂ ಅವರು ಕೂರುತ್ತಿರಲಿಲ್ಲ, ಕೋಟಿಗೆ ಸುಕ್ಕು ಬೀಳುತ್ತದೆಂದು. ಯಾದಗಿರಿಯಲ್ಲಿ ಒಂದು ಮನೆಯವರು, ಅಪ್ಪ ಸತ್ತು ಬಹಳ ದಿನವಾಯಿತು, ಆ ಸೂಟು ನಮಗೆ ಬೇಡ, ನೀವೇ ಎಲ್ಲಾದರೂ ಎಸೆಯಿರಿ ಎಂದರು. ಇವರು ಹೊಸ್ತಿಲು ಬಿಟ್ಟು ಕದಲಲಿಲ್ಲ. "ಬ್ಯಾಡಂದ್ರ ಕೈಗೆ ತಗೊಂಡು ನೀವ ಒಗೀರಿ. ನನ್ನ ಕೈಲೆ ಒಗಿಯಾಂಗಿಲ್ಲ." ಕೊನೆಗೆ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಎಸೆಯಲಿಲ್ಲವೆಂಬುದನ್ನು ನಾವು ತಿರುವಿನಲ್ಲಿ ಹೊರಳಿ ನೋಡಿದೆವು. ಮಗ ಸೂಟನ್ನು ಎದೆಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.

ಸಗರದ ಗೊಲ್ಲಾಳಮ್ಮನ ಮನೆಗೂ ಹೋದೆವು. ಅವಳ ಗಂಡ ಕೋಟು ಕೊಟ್ಟ ತಿಂಗಳಲ್ಲೇ ಸತ್ತು ಹನ್ನೊಂದು ವರ್ಷ. ಮುದುಕಿ ಕೋಟನ್ನು ಬಿಚ್ಚಿ, ಕಾಲರಿಗೆ ಮುಖ ಒತ್ತಿ, ತೋಳಿಗೆ ಒತ್ತಿ, ಒಳಗಿನ ಅಸ್ತರಿಗೆ ಒತ್ತಿ, ಆಮೇಲೆ ಇವರತ್ತ ತಿರುಗಿ ಬೈದಳು: "ಏ ಸಾಬಣ್ಣ, ಅವನ ವಾಸನಿ ಸೈತ ತೊಳದ ಬಿಟ್ಟೀಯಲ್ಲೋ! ಏನ ತಂದಿ ನನಗ?"

ಮರಳಿ ಊರಿಗೆ ಬಂದಿಳಿದ ಮೇಲೆ ಅಮೀನಸಾಬರು ಅಂದರು: "ಎಲಿ-ಅಡಿಕಿ ಡಾಗ ಇತ್ರಿ ಮಾಸ್ತರ, ಎದಿ ಮ್ಯಾಲ. ಅದನ್ನರ ಬಿಟ್ಟಿದ್ರ ಆಕಿ ಗುರ್ತ ಹಿಡೀತಿದ್ಳು."

ಮೂವತ್ತೊಂದನೆಯದು ಕಕ್ಕೇರಾದ ಅಂಬ್ರಪ್ಪನದು. ಡಿಸೆಂಬರ್ ಒಂಬತ್ತು, ಸೋಮವಾರ. ಹತ್ತೊಂಬತ್ತು ವರ್ಷದ ಹಿಂದೆ ಮದುವೆಯ ಸೂಟು ಕೊಟ್ಟವನು ಈಗ ಆ ಸೂಟಿನ ಎರಡರಷ್ಟಾಗಿದ್ದ. ಸಾಬರನ್ನು ಕಂಡು ಗಾಬರಿಯಾಗುವ ಬದಲು ಒಳಗೆ ಹೋಗಿ, ದೇವರ ಜಗಲಿಯ ಪಂಚಾಂಗಗಳ ನಡುವಿನಿಂದ ರಸೀದಿ ತಂದು ಮುಂದೆ ಹಿಡಿದ. ಕಾಗದ ಕಂದಿತ್ತು, ಗೀಟು ಹಾಗೆಯೇ ಇತ್ತು.

"ಹತ್ತೊಂಬತ್ತು ವರ್ಷ ಯಾಕ ಬರಲಿಲ್ಲೋ ಮಾರಾಯಾ?" ಎಂದೆ ನಾನು.

ಅಂಬ್ರಪ್ಪನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಯಾಕಂದ್ರ? ಸಾಬ್ರು ಗೀಟ ಹೊಡದಾರಲ್ಲ. ಅವಸರ ಏನಿತ್ರಿ?"

ಅಮೀನಸಾಬರು ಅಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂಥ ನಗೆ ನಾನು ಅವರಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಗಡಿಯ ಗೋಡೆಯನ್ನು ತುಂಬಿದ್ದು ಜನರ ಮರೆವಲ್ಲ, ತಮ್ಮದೇ ಗೀಟು ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆದಿರಬೇಕು. ಬಸ್ಸಿನಲ್ಲಿ ಅಂದು ಮೊದಲ ಸಲ ಸೀಟಿನ ಮೇಲೆ ಕೂತರು. ಕೂತು, ದಾರಿಯುದ್ದಕ್ಕೂ ನನ್ನ ಮೈಮೇಲಿದ್ದ ಅದೇ ಹಳೆಯ ಬೂದಿಬಣ್ಣದ ಕೋಟನ್ನೇ ನೋಡುತ್ತಿದ್ದರು.

ಮಣ್ಣಾದ ಹದಿನೈದನೆಯ ದಿನ ಅಕ್ರಮ ನನ್ನ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತ.

"ಕಾಕಾ, ಅಂಗಡ್ಯಾಗ ಒಂದು ಕೋಟ ಉಳದದ. ನಿಮ್ಮದ. ಚಳಿ ಬ್ಯಾರೆ ಅದ. ಒಯ್ದ ಬಿಟ್ರ..." ಮುಂದಿನದನ್ನು ನುಂಗಿದ. "ಗ್ವಾಡಿ ಒಡಿಯೋ ಗೌಂಡಿ ಕೇಳಾಕತ್ತಾನ."

ನನ್ನ ಅಂಗಿಯ ಜೇಬಿನಲ್ಲಿ ರಸೀದಿ ಇತ್ತು. ತೆಗೆದು ತೋರಿಸಿದೆ. "ನಿಮ್ಮಪ್ಪ ಗೀಟ ಹೊಡದಾರಪ್ಪ. ಅವಸರ ಏನಿಲ್ಲ."

ಅವನಿಗೆ ಸಿಟ್ಟು ಬರಬಹುದೆಂದುಕೊಂಡಿದ್ದೆ. ಅವನು ರಸೀದಿಯನ್ನು ಕೈಗೆ ತೆಗೆದುಕೊಂಡು ಅಪ್ಪನ ಅಕ್ಷರವನ್ನು ಎರಡು ಸಲ ಓದಿದ. ಹಿಂದಿರುಗಿಸಿದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ನಿಮ್ಮಿಬ್ಬರದೂ ಹಟಾ ಭಾಳ ಆತು ಬಿಡ್ರಿ" ಅಂದ. ಮರುದಿನ ಹಜರಾಬೀ ಅಂಗಡಿಯ ಬಾಗಿಲು ತೆರೆದು, ರಫೂ ಮಾಡುವ ಸೂಜಿದಾರ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರೆಂದು ಕೇಳಿದೆ. ಗೋಡೆ ಇನ್ನೂ ನಿಂತಿದೆ.

ಕಾಲಕ್ಕೆ ತಕ್ಕಂತೆ ಬದಲಾಗದವರು ಎಂದು ಇಂಥವರನ್ನು ಕುರಿತು ಜನ ಮರುಕದಿಂದ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಲ ಬದಲಾದದ್ದು ಅಮೀನಸಾಬರಿಗೆ ನಮ್ಮೆಲ್ಲರಿಗಿಂತ ಮೊದಲೇ, ಖಾಲಿ ಹ್ಯಾಂಗರುಗಳ ಮೇಲೆ ಕಂಡಿತ್ತು. ಕಂಡೂ ಅವರು ತಮ್ಮ ಮಾತನ್ನು ಅದಕ್ಕೆ ಒಪ್ಪಿಸಿಕೊಡಲಿಲ್ಲ. ಪೇಟೆಯ ಪ್ರತಿ ಕಾಗದದ ಕೆಳಗೂ ಸಣ್ಣ ಅಕ್ಷರದಲ್ಲಿ 'ನಾವು ಜವಾಬ್ದಾರರಲ್ಲ' ಎಂದು ಅಚ್ಚಾಗಿರುವ ದಿನಗಳಲ್ಲಿ, ಅದನ್ನು ದಿನವೂ ಕೈಯಾರೆ ಹೊಡೆದುಹಾಕುವ ಒಬ್ಬಿಬ್ಬರು ಎಲ್ಲ ಊರುಗಳಲ್ಲೂ ಇರುತ್ತಾರೆ. ಊರು ತನ್ನ ಕಲೆಗಳನ್ನು ನಂಬಿ ಬಿಚ್ಚಿಡುವುದು ಅವರ ಮೇಜಿನ ಮೇಲೆ ಮಾತ್ರ.

ಅವರು ತೀರಿಕೊಂಡ ಆ ಮಂಗಳವಾರ ಬೆಳಗ್ಗೆ ನಾನು ವಾಕಿಂಗ್ ಮುಗಿಸಿ ಅಂಗಡಿಗೆ ಹೋದೆ. ಗೋಡೆಯ ಮೇಲೆ ಬರೀ ಹ್ಯಾಂಗರುಗಳು. ಪಕ್ಕದ ಅಂಗಡಿಯ ಮುಂದೆ ಗೌಂಡಿ ಮೌನಪ್ಪ ಟೇಪು ಹಿಡಿದು ಅಳತೆ ನೋಡುತ್ತಿದ್ದ, ಮರುದಿನದಿಂದ ಕೆಲಸ. ಸಮಾಧಾನಕ್ಕೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ಅಮೀನಸಾಬರು ಎದ್ದು ಬಂದು ನನ್ನೆದುರು ನಿಂತರು.

"ಮಾಸ್ತರ, ಆ ಕೋಟ ಬಿಚ್ರಿ."

"ಯಾಕ್ರಿ? ಇದಕ್ಕೇನಾಗ್ಯದ? ಡಾಗ ಎಲ್ಲದ?"

"ಖರೇ ಹೇಳ್ರಿ, ನಲವತ್ತು ವರ್ಷದಾಗ ಎಷ್ಟು ಸಲ ಕೊಟ್ಟೀರಿ? ಕಾಲರ ನೋಡ್ರಿ, ಬೆವರು ಕುಂತು ಕುಂತು ತೊಗಲ ಆಗ್ಯದ. ಬಿಚ್ರಿ, ಬಿಚ್ರಿ."

ಬಿಚ್ಚಿ ಕೊಟ್ಟೆ. ಅವರು ಅದನ್ನು ಒಮ್ಮೆ ಕೊಡವಿ, ಮೂಸಿ, ಖಾಲಿ ಗೋಡೆಯ ನಡುಮಧ್ಯದ ಹ್ಯಾಂಗರಿಗೆ ಹಾಕಿದರು. ನಮ್ಮ ಮಾತು ಕೇಳಿ ಬಾಗಿಲಿಗೆ ಬಂದಿದ್ದ ಅಕ್ರಮನಿಗೆ ಕಾಣುವಂತೆಯೇ ಹಾಕಿದರು. ರಸೀದಿ ಪುಸ್ತಕ ತೆರೆದು ನನ್ನ ಹೆಸರು ಬರೆದರು: ವಿಶ್ವಾರಾಧ್ಯ, ಶಹಾಪುರ. 'ಕೋಟು ಒಂದು, ಚಹಾ.' ಆಮೇಲೆ ಪೆನ್ನನ್ನು ಒತ್ತಿ ಹಿಡಿದು, ಮಗನ ಮುಖ ನೋಡುತ್ತಲೇ, ಕೆಳಗಿನ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದು ಗೀಟು ಎಳೆದರು.