ರಹಿಮಾನಸಾಬರ ಅಳು

ಶಂಭುಲಿಂಗ ತೀರಿಕೊಂಡ ಸುದ್ದಿ ಮಲ್ಲಿಕಸಾಬರಿಗೆ ತಿಳಿದದ್ದು ರಾಣೆಬೆನ್ನೂರಿನ ಒಂದು ಕಟಿಂಗ್ ಅಂಗಡಿಯಲ್ಲಿ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಕುಳಿತಿದ್ದರು. ಗೋಡೆಯ ಮೇಲಿನ ಟಿವಿಯಲ್ಲಿ ಅವನ ಮುಖ ಬಂತು, ಕೆಳಗೆ ‘ಹಿರಿಯ ನಟ ಇನ್ನಿಲ್ಲ’ ಎಂಬ ಅಕ್ಷರ. ಮರುಗಳಿಗೆಯಲ್ಲಿ ಅವನಿಗೆ ಹೆಸರು ತಂದ ಸಿನಿಮಾದ ದೃಶ್ಯ ಹಾಕಿದರು. ಮಗಳನ್ನು ಗಂಡನ ಮನೆಗೆ ಕಳಿಸಿದ ಮುದುಕ ಹೆಗಲ ಮೇಲಿನ ಟವೆಲನ್ನು ಎರಡು ಸಲ ಝಾಡಿಸುತ್ತಾನೆ. ಮೂಗಿಗೆ ಹಿಡಿದು ಸುಳ್ಳು ಸೀನು ಸೀನುತ್ತಾನೆ. “ಇವತ್ತ ಮೆಣಸಿನಕಾಯಿ ಘಾಟ ಭಾಳ ಐತಿ” ಎಂದು ಕಣ್ಣೊರೆಸಿಕೊಳ್ಳುತ್ತಾನೆ.

ಕಟಿಂಗ್ ಮಾಡುವವನು ಕತ್ತರಿ ನಿಲ್ಲಿಸಿದ. “ಏನ್ ಅಳ್ತಾನ್ರಿ ಸಾಬರ! ಇಂಥಾ ನಟ ಮತ್ತ ಹುಟ್ಟಂಗಿಲ್ಲ ಬಿಡ್ರಿ.”

 ಬೀದಿಯಲ್ಲಿ ಯಾರ ಹೆಣ ಹೋದರೂ, ಯಾವ ಜಾತಿಯೆಂದು ಕೇಳದೆ, ನಿಂತು ಒಂದು ದುವಾ ಹೇಳಿ ಮುಂದೆ ಹೋಗುವ ಮನುಷ್ಯ ಮಲ್ಲಿಕಸಾಬರು. ಆ ದಿನ ತುಟಿ ಅಲುಗಲಿಲ್ಲ. ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಮನೆಗೆ ನಡೆದರು.

ಆ ಅಳು ಶಂಭುಲಿಂಗನದಲ್ಲ. ಅದು ಮಲ್ಲಿಕಸಾಬರ ತಂದೆ ರಹಿಮಾನಸಾಬರದು. ಅವರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದರು. ಮಗಳು ಅಮೀರಬಿಯನ್ನು ಗಂಡನ ಮನೆಗೆ ಕಳಿಸಿದ ದಿನ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಹೀಗೆಯೇ ಟವೆಲು ಝಾಡಿಸಿದ್ದರು, ಹೀಗೆಯೇ ಸೀನಿದ್ದರು, ಇದೇ ಮಾತು ಆಡಿದ್ದರು. ಅವತ್ತು ಮಾರುಕಟ್ಟೆಗೆ ರಜೆ. ಘಾಟು ಎಲ್ಲಿಂದ ಬರಬೇಕು?

ನಾಟಕ ಕಂಪನಿಯಲ್ಲಿದ್ದ ಮಲ್ಲಿಕಸಾಬರು ಅದನ್ನು ರಂಗಕ್ಕೆ ತಂದರು. ಜನ ಮೊದಲು ನಕ್ಕರು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡರು. ತಂದೆ ಒಮ್ಮೆ ನೋಡಲು ಬಂದು ನಡುವೆಯೇ ಎದ್ದು ಹೋದರು. ರಾತ್ರಿ ಮನೆಯಲ್ಲಿ, “ನನ್ನ ಅಳೂನೂ ಟಿಕೇಟಿಗೆ ಹಚ್ಚಿದೇನಲೇ?” ಎಂದರು. ಉಂಡು ಕೈ ತೊಳೆದ ಮೇಲೆ, “ಹಚ್ಚಿದ್ರ ಹಚ್ಚು. ಆದ್ರ ಕೇಳಿದವರಿಗೆ ನಂದಂತ ಹೇಳು” ಎಂದರು. ಮಗ ಮಾತು ಕೊಟ್ಟ. ಯಾರು ಬೆನ್ನು ತಟ್ಟಿದರೂ, ಇದು ನಮ್ಮ ಅಪ್ಪಂದು ಎಂದು ಹೇಳುತ್ತ ಬಂದ.

ಶಂಭುಲಿಂಗ ಗಳಗನಾಥದ ಹುಡುಗ. ತಂದೆ ಹೊಡೆದು ಹೊರಗೆ ಹಾಕಿದಾಗ ಹದಿನಾರರ ವಯಸ್ಸಿನಲ್ಲಿ ಕಂಪನಿಗೆ ಬಂದ. ಅವನ ಮುಖಕ್ಕೆ ಮೊದಲ ಬಣ್ಣ ಹಚ್ಚಿದವರು ಮಲ್ಲಿಕಸಾಬರೇ. ಆಳಿನ ಪಾತ್ರ ಮಾಡಿದ, ಖಳನಾದ, ಊರೂರು ಕ್ಯಾಂಪಿನಲ್ಲಿ ಹೆಸರು ಮಾಡಿದ. ಒಂದು ವರ್ಷ ಮಲ್ಲಿಕಸಾಬರು ವಿಷಮಜ್ವರದಿಂದ ಮಲಗಿದಾಗ ಮುದುಕನ ಪಾತ್ರ ಅವನಿಗೆ ಬಂತು. ಹಾಸಿಗೆಯಲ್ಲಿ ಮಲಗಿಯೇ ಮೂರು ದಿನ ಕಲಿಸಿದರು. ಟವೆಲು ಎಷ್ಟು ಎತ್ತರ ಹೋಗಬೇಕು, ಸೀನನ್ನು ಎಷ್ಟು ತಡೆದು ಬಿಡಬೇಕು, ಎಲ್ಲ ಹೇಳಿಕೊಟ್ಟರು. “ಯಾರದಂತ ಕೇಳಿದ್ರ ರಹಿಮಾನಸಾಬಂದಂತ ಹೇಳಪಾ.” ಅವನು ಕಾಲು ಮುಟ್ಟಿ ಹೂಂ ಅಂದ.

ಆಮೇಲೆ ಬೆಂಗಳೂರಿಗೆ ಹೋದ, ಸಿನಿಮಾ ಸೇರಿದ. ಆ ಒಂದು ದೃಶ್ಯ ಅವನನ್ನು ಮನೆಮಾತು ಮಾಡಿತು. ಪ್ರಶಸ್ತಿ ಬಂದಾಗ ಟಿವಿಯವರು ಆ ಅಳು ಎಲ್ಲಿಂದ ಬಂತೆಂದು ಕೇಳಿದರು. ಶಂಭುಲಿಂಗ ಕಣ್ಣು ತುಂಬಿಕೊಂಡು ಹೇಳಿದ: “ಇದು ನಮ್ಮ ಅಪ್ಪನ ಅಳು. ನಮ್ಮ ಅಕ್ಕನ ಕಳಿಸುವಾಗ ಹಿಂಗ ಅತ್ತಿದ್ದ.”

ಮಲ್ಲಿಕಸಾಬರು ಫೋನ್ ಮಾಡಿದರು. “ಸಿನಿಮಾದಾಗ ಹಂಗೆಲ್ಲಾ ಹೆಸರು ಹೇಳಾಕ ಬರೂದಿಲ್ರಿ ಮಾಸ್ತರ” ಎಂದು ನಕ್ಕ. ಮುಂದೆ ಫೋನ್ ಎತ್ತಲಿಲ್ಲ. ಅದೇ ವರ್ಷ ಹಲಗೇರಿಯಲ್ಲಿ ನಾಟಕ. ಮಲ್ಲಿಕಸಾಬರು ಟವೆಲು ಝಾಡಿಸಿದ ಕೂಡಲೇ ಹಿಂದಿನಿಂದ ಒಬ್ಬ ಕೂಗಿದ: “ಏ ಮುದುಕಪ್ಪಾ, ಶಂಭುಲಿಂಗನ ನಕಲಾ ಹೊಡಿತೀ? ಅವನಂಗ ನಿನಗ ಬರೂದಿಲ್ಲ ಬಿಡು!” ಇಡೀ ಮಂಡಪ ನಕ್ಕಿತು. ಅದೇ ಕೊನೆ, ಆಮೇಲೆ ಅವರು ಮುಖಕ್ಕೆ ಬಣ್ಣ ಹಚ್ಚಲಿಲ್ಲ.

ಸುದ್ದಿ ಬಂದ ಮರುದಿನ ಬೆಳಿಗ್ಗೆ ಕೊಟ್ರಪ್ಪ ಮನೆಗೆ ಬಂದ. ಅವನು ಆ ಕಂಪನಿಯ ಪೇಟಿ ಮಾಸ್ತರ. ನಲವತ್ತು ವರ್ಷ ಅಲ್ಲಿದ್ದು ಇಬ್ಬರ ಪದಕ್ಕೂ ಹಾರ್ಮೋನಿಯಂ ನುಡಿಸಿದವನು.

“ಹೆಣ ಹಾವೇರಿಗೆ ತಂದಾರ್ರಿ ಸಾಬರ, ಅವನ ತಮ್ಮನ ಮನಿಗೆ. ಮಗಳು ಸುರೇಖಾ ನಿಮ್ಮನ್ನ ಕರ್ಕೊಂಡು ಬಾ ಅಂದಾಳ. ಮುಖಾ ಒರಸಬೇಕಲ್ರಿ.”

ಅದು ಆ ಕಂಪನಿಯ ಪದ್ಧತಿ. ನಟ ಸತ್ತರೆ ಅವನಿಗೆ ಮೊದಲ ಬಣ್ಣ ಹಚ್ಚಿದವರೇ ಕೊಬ್ಬರಿ ಎಣ್ಣೆಯಿಂದ ಮುಖ ಒರೆಸಬೇಕು. ಬಣ್ಣ ಹೊತ್ತುಕೊಂಡು ಯಾರೂ ಮಣ್ಣಿಗೆ ಹೋಗಬಾರದು. ಒರೆಸಿದ ಮೇಲೆಯೇ ವಿಭೂತಿ, ಜನಾಜಾದ ನಮಾಜು, ಅವರವರ ಧರ್ಮದ್ದು.

“ಅವನ ಅಪ್ಪನ್ನ ಕರೀರಿ. ಟವೆಲ್ ಹಿಡಕೊಂಡು ಬರ್ತಾನ” ಎಂದರು ಮಲ್ಲಿಕಸಾಬರು.

ಒಳಗಿನಿಂದ ಹೆಂಡತಿ ಬಿಸ್ಮಿಲ್ಲಾಬಿ ಬಂದರು. “ನಿನ್ನೆಯಿಂದ ನೋಡಾಕತ್ತೇನಿ, ನಮಾಜಿಗೆ ಕುಂತ್ರೂ ಹಲ್ಲು ಕಡೀತೀರಿ. ಸಿಟ್ಟು ಚಾಪಿ ಮ್ಯಾಲೆ ಹಾಸಿದ್ರ ಅಲ್ಲಾಗ ಕೇಳ್ತೈತೇನು? ಹೋಗ್ರಿ, ಹೇಳೂದಿದ್ರ ಅಲ್ಲೇ ನಾಕು ಮಂದ್ಯಾಗ ಹೇಳಿ ಬರ್ರಿ.”

“ಖರೇ ಅಂದ್ರಿ ಅಮ್ಮಾ” ಎಂದ ಕೊಟ್ರಪ್ಪ. “ನನಗ ಗೊತ್ತಿಲ್ಲೇನ್ರಿ ಅದು ಯಾರದಂತ? ನಾನೇ ಸಾಕ್ಷಿ ಇದ್ದೇನಿ. ನೀವು ಬಾಯಿ ತಗೀರಿ, ನಾ ಹೂಂ ಅಂತೇನಿ.”

ಆ ಮಾತಿಗೆ ಮಲ್ಲಿಕಸಾಬರು ಎದ್ದರು. ತಂದೆಗೆ ಕೊಟ್ಟ ಮಾತು ಉಳಿಸಲು ಇದೊಂದೇ ದಿನ ಉಳಿದಿತ್ತು. ಇಬ್ಬರೂ ಹಾವೇರಿಯ ಬಸ್ಸು ಹತ್ತಿದರು.

ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಶಂಭುಲಿಂಗನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು, ಕೊರಳಲ್ಲಿ ರುದ್ರಾಕ್ಷಿ. ಗಲ್ಲಗಳು ಒಳಗೆ ಹೋಗಿದ್ದವು. ಸುರೇಖಾ ಎದ್ದು ಬಂದು ಕೈ ಹಿಡಿದುಕೊಂಡಳು. ಬೆಂಗಳೂರಿನಲ್ಲಿ ಬೆಳೆದವಳು, ಮಾತೂ ಅಲ್ಲಿಯದೇ.

“ಕಾಕಾ, ನೀವು ಬರ್ತೀರೋ ಇಲ್ವೋ ಅಂತ ಭಯ ಆಗಿತ್ತು.”

ಅಷ್ಟರಲ್ಲಿ ಟಿವಿಯವನೊಬ್ಬ ಮೈಕು ಹಿಡಿದು ನುಗ್ಗಿದ. “ಅಜ್ಜಾರ, ನೀವೂ ಕಂಪನಿಯವರೇನ್ರಿ? ಅವರ ಟವೆಲ್ ಸೀನ್ ಒಂದೀಟ ಮಾಡಿ ತೋರಸ್ರಿ. ಶ್ರದ್ಧಾಂಜಲಿಗೆ ಛಲೋ ಆಕ್ಕೈತಿ.”

“ಮಾಡಿ ಕಾಕಾ” ಎಂದಳು ಸುರೇಖಾ, ಕಣ್ಣು ತುಂಬಿಕೊಂಡು. “ಅಪ್ಪನಿಗೋಸ್ಕರ ಒಂದ್ಸಲ.”

 ಮಲ್ಲಿಕಸಾಬರು ತಮ್ಮ ತಂದೆಯ ಅಳುವನ್ನು, ಕದ್ದವನ ಹೆಣದ ಮುಂದೆ, ಕದ್ದವನದೆಂದು ಅಳಬೇಕು!

“ಅದು ಇವನದಲ್ಲ” ಎಂದರು. ದನಿ ಗಟ್ಟಿಯಾಗಿಯೇ ಇತ್ತು. “ನಮ್ಮ ಅಪ್ಪ ರಹಿಮಾನಸಾಬಂದು. ಬ್ಯಾಡಗಿ ಪ್ಯಾಟ್ಯಾಗ ಹಮಾಲಿ ಮಾಡ್ತಿದ್ದ. ನಾ ಇವಗ ಕಲಿಸಿದ್ದು. ಬೇಕಾರ ಈ ಕೊಟ್ರಪ್ಪನ ಕೇಳ್ರಿ.”

ಎಲ್ಲರೂ ಕೊಟ್ರಪ್ಪನ ಕಡೆ ತಿರುಗಿದರು, ಮೈಕೂ ತಿರುಗಿತು. ಕೊಟ್ರಪ್ಪ ಟೊಪ್ಪಿಗೆ ಸರಿಮಾಡಿಕೊಂಡ. ಹೆಣದ ಕಡೆ ನೋಡಿದ, ಮಂದಿಯ ಕಡೆ ನೋಡಿದ.

“ಹೋಗ್ಲಿ ಬಿಡ್ರಿ ಸಾಬರ. ಈಗ್ಯಾಕ ಅವೆಲ್ಲಾ? ಕಲಾ ಅನ್ನೂದು ಒಬ್ಬರದ ಇರತೈತೇನು?”

ಟಿವಿಯವನು ಕ್ಯಾಮೆರಾದವನಿಗೆ ಸನ್ನೆ ಮಾಡಿ ಮೈಕು ಇಳಿಸಿದ. ಹಿಂದೆ ಯಾರೋ, “ವಯಸ್ಸಾಗೇತಿ, ಪಾಪ” ಅಂದರು. ಶಂಭುಲಿಂಗ ಮೋಸ ಮಾಡಿದಾಗಲೂ ಮಲ್ಲಿಕಸಾಬರಿಗೆ ಇಷ್ಟು ನೋವಾಗಿರಲಿಲ್ಲ. ಅವನು ದೂರದಲ್ಲಿದ್ದ. ಕೊಟ್ರಪ್ಪ ಒಂದೇ ಸೀಟಿನಲ್ಲಿ ಪಕ್ಕಕ್ಕೆ ಕುಳಿತು ಬಂದವನು.

ಸುರೇಖಾ ಕೈ ಬಿಟ್ಟಿದ್ದಳು. “ನಮ್ಮ ತಾತ ಅತ್ತಿದ್ದು ಅದು, ಕಾಕಾ. ಚಿಕ್ಕಂದಿನಿಂದ ಅಪ್ಪ ನನಗೆ ಹೇಳ್ತಿದ್ರು. ನಾನು ತಾತನ್ನ ನೋಡೇ ಇಲ್ಲ. ನನಗೆ ಗೊತ್ತಿರೋದು ಅದೊಂದೇ.”

ಅವಳ ತಾತ ಎಂಥವನೆಂದು ಮಲ್ಲಿಕಸಾಬರಿಗೆ ಗೊತ್ತಿತ್ತು. ಕಂಪನಿಗೆ ಬಂದ ದಿನ ಶಂಭುಲಿಂಗನ ಮೈಮೇಲಿನ ಬಾಸುಂಡೆಗೆ ಅರಿಸಿನ ಹಚ್ಚಿದವರು ಅವರೇ. ಆ ಮನುಷ್ಯ ಯಾರಿಗಾಗಿಯೂ ಅತ್ತವನಲ್ಲ. ಹೇಳಿಬಿಡಬಹುದಿತ್ತು, ಮಾತು ಹಲ್ಲಿನ ತನಕ ಬಂದಿತ್ತು. ಹುಡುಗಿಯ ಮುಖ ನೋಡಿ ನುಂಗಿದರು.

ಎಣ್ಣೆಯ ಬಟ್ಟಲು ತರಿಸಿ ಹೆಣದ ಮುಂದೆ ಕುಳಿತರು. ಹಣೆ, ಹುಬ್ಬು, ಕಿವಿಯ ಹಿಂದೆ ಬಣ್ಣ ಉಳಿಯುವ ಜಾಗ, ಒಂದನ್ನೂ ಬಿಡದೆ ಒರೆಸಿದರು. ಕೆಲಸದಲ್ಲಿ ಮೋಸ ಮಾಡಲಿಲ್ಲ, ಆದರೆ ದುವಾ ಮಾತ್ರ ಬರಲಿಲ್ಲ. ಕೈ ತೊಳೆದು ಹೊರಗೆ ಬಂದರು. ಕೊಟ್ರಪ್ಪ “ಚಾ ಕುಡುದು ಹೋಗೂಣ್ರಿ” ಎಂದ. ಮಲ್ಲಿಕಸಾಬರು ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದರು.

ಒಬ್ಬರೇ ಬ್ಯಾಡಗಿಯ ಬಸ್ಸು ಹತ್ತಿದರು. ಕಬರಸ್ತಾನದಲ್ಲಿ ತಂದೆಯ ಗೋರಿಯ ಮೇಲೆ ಹುಲ್ಲು ಬೆಳೆದಿತ್ತು. ಕಿತ್ತು ಸ್ವಚ್ಛ ಮಾಡಿದರು. “ಹೇಳಿದ್ನೆಪಾ ಅಪ್ಪಾ. ಯಾರೂ ನಂಬಲಿಲ್ಲ” ಎಂದು ಹೇಳಿ ಪಕ್ಕದಲ್ಲಿ ಕುಳಿತರು.

ಮಸೀದಿಯಲ್ಲಿ ಎಷ್ಟೋ ಸಲ ಕೇಳಿದ ಮಾತು ಅವರನ್ನು ಅಲ್ಲಿಂದ ಏಳಗೊಡಲಿಲ್ಲ. ತನಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸಿಯಾನು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯ ಬಿಡುವ ತನಕ ದೇವರೂ ಬಿಡುವುದಿಲ್ಲ. ಹಾವೇರಿಯಲ್ಲಿ ಈಗ ಮಣ್ಣು ಕೊಡುತ್ತಿರಬೇಕು. ನೂರು ಮಂದಿ ಹೂವು ಹಾಕಿದರೂ ಆಗದ ಒಂದು ಕೆಲಸ ಈ ಮುದುಕನ ಕೈಯಲ್ಲಿ ಉಳಿದಿತ್ತು. ಮಲ್ಲಿಕಸಾಬರಿಗೆ ಅದು ಬೇಡವಾಗಿತ್ತು. ಬಿಸಿಲು ಇಳಿಯುವ ತನಕ ಬೇಡವೆಂದೇ ಕುಳಿತಿದ್ದರು. ಇಳಿಹೊತ್ತಿನ ಅಸರ್ ಆಜಾನ್ ಕೇಳಿದಾಗ ಎರಡೂ ಕೈ ಎತ್ತಿದರು.

“ಯಾ ಅಲ್ಲಾ, ಅವ ಸುಳ್ಳು ಹೇಳ್ಯಾನ. ನೀ ಕೇಳಿದ್ರ ನಾ ಹಂಗ ಹೇಳಾವ, ಮುಚ್ಚಿಡಂಗಿಲ್ಲ. ನನ್ನ ಮನಸು ಇನ್ನೂ ಆರಿಲ್ಲ, ಅದು ನಿನಗ ಗೊತ್ತೈತಿ. ಆದ್ರ ನನ್ನ ಸಲುವಾಗಿ ಅವನ್ನ ತಡೀಬ್ಯಾಡ. ನನ್ನ ಕಡಿಂದ ಬಿಟ್ಟೇನಿ, ನಮ್ಮ ಅಪ್ಪನ ಕಡಿಂದನೂ ನಾನೇ ಬಿಡ್ತೇನಿ. ಹದಿನಾರು ವರ್ಷದಾಗ ಮನಿ ಬಿಟ್ಟು ಬಂದಾವ, ಎಲ್ಲೂ ನಿಂತು ಉಸಿರು ಬಿಡಲಿಲ್ಲ. ಮಣ್ಣಾಗಾದ್ರೂ ಅವಗ ಯಾರೂ ಹೊಡೀದಂಗ ನೋಡ್ಕೋ. ಶಂಭುಲಿಂಗಗ ಶಾಂತಿ ಕೊಡು. ಆಮೀನ್.”