ಹಗ್ಗದ ಆಚೆ ತುದಿ

ಚಿತ್ರದಲ್ಲಿದ್ದ ಒಂಬತ್ತು ಜನರಲ್ಲಿ ನಾಲ್ವರನ್ನು ರಟ್ಟಿನಡಿ ಮುಚ್ಚಿಬಿಡಬೇಕೆಂದು ಸಂಘದ ಕಾರ್ಯದರ್ಶಿ ಚೀಟಿ ಬರೆದು ಕಳಿಸಿದರು. ಚೌಕಟ್ಟಿನ ಅಂಗಡಿಯ ಯಜಮಾನರು ಆಗಲಿ ಎಂದರು.

ಆ ಚೀಟಿ ಅಂಗಡಿಯಲ್ಲಿ ಚೌಕಟ್ಟು ಕಟ್ಟುವವಳ ಕಣ್ಣಿಗೆ ಬಿದ್ದದ್ದು ಚಿತ್ರದ ಸುತ್ತ ಬರುವ ಕಿಂಡಿಯ ರಟ್ಟು ಕತ್ತರಿಸಿ, ಗಾಜು ಕೂರಿಸಿ, ಚೌಕಟ್ಟಿನ ಬೆನ್ನಿಗೆ ಕಾಗದ ಅಂಟಿಸಿದ ಮೇಲೆ. ಅದು ಅವಳ ತಪ್ಪೂ ಹೌದು, ಅವಳು ಕಲಿತ ವಿದ್ಯೆಯೂ ಹೌದು. ಹದಿನಾರು ವರ್ಷದ ಹಿಂದೆ ಅವಳ ಕೈಗೆ ಮೊದಲ ಸಲ ಬ್ಲೇಡು ಕೊಟ್ಟಾಗ ಯಜಮಾನರೇ ಹೇಳಿದ್ದರು: "ಮೊದಲು ಚಿತ್ರ ಓದು, ಆಮೇಲೆ ಚೀಟಿ. ರಟ್ಟು ಚಿತ್ರದ ಮೇಲೆ ಅಕ್ಕಿಕಾಳಿನಷ್ಟು ಏರಬಹುದು. ಅದಕ್ಕಿಂತ ಏರಿದ್ರೆ ಅದು ಚೌಕಟ್ಟಲ್ಲ, ಕಳ್ಳತನ." ರಕ್ತಸಂಬಂಧವಿಲ್ಲದಿದ್ದರೂ ಅವಳು ಅವರನ್ನು ದೊಡ್ಡಪ್ಪ ಎಂದು ಕರೆಯಲು ಶುರುಮಾಡಿದ್ದು ಅಂದಿನಿಂದಲೇ.

ಅವಳು ಚಿತ್ರವನ್ನು ಚೆನ್ನಾಗಿಯೇ ಓದಿದ್ದಳು. ಹಳೆಯ ಕಾಲದ ಫಿರಂಗಿ ಯುದ್ಧ. ಬಲಗಡೆ ಕುದುರೆಯ ಮೇಲೆ ಕತ್ತಿ ಎತ್ತಿದ ಅಧಿಕಾರಿ. ನಡುವೆ ಹೊಗೆ ಕಾರುವ ಫಿರಂಗಿ, ಅದರ ಸುತ್ತ ಗುಂಡು ಹಾರಿಸುವ ನಾಲ್ವರು ಗೋಲಂದಾಜರು. ಅವರ ಪಕ್ಕದಲ್ಲಿ ಇನ್ನೊಂದು ಫಿರಂಗಿಯ ಚಕ್ರ ಕೆಸರಿನಲ್ಲಿ ಹೂತುಹೋಗಿದೆ. ಅದಕ್ಕೆ ಹಗ್ಗ ಕಟ್ಟಿ ದಿಬ್ಬದತ್ತ ಎಳೆಯುತ್ತಿರುವ ನಾಲ್ವರು ಎಡ ಅಂಚಿನಲ್ಲಿ. ಬರಿಮೈ, ಬರಿಗಾಲು. ಕೊನೆಯವನು ಮಂಡಿಯೂರಿ ಬಿದ್ದಿದ್ದಾನೆ, ಆದರೂ ಹಗ್ಗ ಬಿಟ್ಟಿಲ್ಲ. ಇನ್ನೂರೈವತ್ತೇ ಪ್ರತಿ ತೆಗೆದು, ಮತ್ತೆ ಅಚ್ಚಾಗದಂತೆ ಅಚ್ಚಿನ ತಗಡನ್ನು ಗೀಚಿ ಹಾಕಿದ್ದರಂತೆ. ಇದು ನಲವತ್ತೊಂದನೆಯದು. ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲಿನ ಸಹಿ, ಪೆನ್ಸಿಲಿನ ಸಂಖ್ಯೆ.

ಆ ಮಂಡಿಯೂರಿದವನ ಹತ್ತಿರ ಅವಳ ಕಣ್ಣು ತುಸು ಹೆಚ್ಚೇ ಹೊತ್ತು ನಿಂತಿತ್ತು. ಸಂಘದ ಮೆಟ್ಟಿಲ ಮುಂದೆ ಒಂದು ನಿಜವಾದ ಫಿರಂಗಿ ಇದೆ. ಅದನ್ನು ದಿಬ್ಬ ಹತ್ತಿಸಿದ ಇಪ್ಪತ್ತು ಹಮಾಲರಲ್ಲಿ ಅವಳ ಅಪ್ಪನೂ ಒಬ್ಬ. ಚಕ್ರ ಜಾರಿ ಎಡಗಾಲಿನ ಎರಡು ಬೆರಳು ಅಲ್ಲೇ ಹೋದವು. ಫಿರಂಗಿಯ ಬುಡದ ಕಲ್ಲಿನಲ್ಲಿ ಕೆತ್ತಿರುವುದು ಸಂಘದ ಅಧ್ಯಕ್ಷರ ಹೆಸರೊಂದೇ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅಪ್ಪ ಕುಂಟುತ್ತಾ ನಗುತ್ತಿದ್ದ: "ನೋಡೇ, ಅಧ್ಯಕ್ಷರೊಬ್ಬರೇ ಹೊತ್ಕೊಂಡು ಬಂದು ಇಟ್ರಂತೆ. ಎಂಥಾ ತೋಳು!"

ಹನ್ನೊಂದು ಗಂಟೆಗೆ ಕಾರ್ಯದರ್ಶಿ ಬಂದರು. ಚೌಕಟ್ಟು ನೋಡಿದ್ದೇ ಮುಖ ಹುಳ್ಳಗಾಯಿತು.

"ಇದೇನಮ್ಮಾ? ಚೀಟಿ ಓದ್ಲಿಲ್ವಾ?"

"ಚಿತ್ರ ಓದಿದೆ ಸಾರ್."

"ಊಟದ ಹಾಲಲ್ಲಿ ನೇತುಹಾಕೋದಿದು. ಅತಿಥಿಗಳು ಕುದುರೆ ನೋಡ್ಬೇಕಾ, ಈ ಕೆಸರು ಮೆತ್ತಿದ ಬೆನ್ನುಗಳನ್ನ ನೋಡ್ಬೇಕಾ? ಎಡಗಡೆ ನಾಲ್ಕು ಬೆರಳು ರಟ್ಟು ಒಳಗೆ ತಗೊಳ್ಳಿ, ಮುಗೀತು. ಆದ್ರೆ ಸಂಖ್ಯೆ ಮಾತ್ರ ಕಾಣ್ಬೇಕು, ಹಾಂ. ಅಪರೂಪದ ಪ್ರತಿ ಅಂತ ಗೊತ್ತಾಗ್ಬೇಕು."

ಸಂಖ್ಯೆ ಬೇಕು, ಜನ ಬೇಡ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳುವುದಿಲ್ಲ. ಇವರು ಹೇಳಿದ್ದರು, ಅದೂ ನಗುನಗುತ್ತ.

ಗಾಜು ಕತ್ತರಿಸುವ ಮೇಜಿನಿಂದ ಗಾಜಣ್ಣ ತಲೆಯೆತ್ತಿದ. ಅಂಗಡಿಯಲ್ಲಿ ಅವನ ನಾಲಿಗೆಯೂ ಅವನ ಗಾಜಿನಷ್ಟೇ ಚೂಪು. "ನಾಲ್ಕು ಬೆರಳಾ? ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಸಾರ್. ಹಗ್ಗ ಮಾತ್ರ ಉಳಿಯುತ್ತೆ. ಫಿರಂಗಿಗೆ ಬಾಲ ಬಂದ ಹಾಗಿರುತ್ತೆ."

"ನಿಮ್ಮ ಗಾಜು ನೀವು ನೋಡ್ಕೊಳ್ಳಿ."

"ಒಂದು ಗಂಟೆ ಕೊಡಿ ಸಾರ್, ಸರಿಮಾಡಿಸ್ತೀನಿ," ಎಂದು ಯಜಮಾನರು ಅವರಿಗೆ ಸ್ಟೂಲು ಎಳೆದುಕೊಟ್ಟು, ಅವಳನ್ನು ಕೆಲಸದ ಮೇಜಿನ ಬಳಿಗೆ ಕರೆದರು. "ಹೊಸ ರಟ್ಟು ತಗೋ."

"ಅಕ್ಕಿಕಾಳು ಅಂದಿದ್ರಿ ದೊಡ್ಡಪ್ಪ."

"ಅಂದಿದ್ದೆ. ಈಗ ಇನ್ನೂ ಮೂವತ್ತು ಚಿತ್ರ ಕಳಿಸ್ತೀನಿ ಅಂದಿದಾರೆ. ಅಂಗಡಿ ಉಳೀಬೇಕೋ ಬೇಡ್ವೋ? ನಿನ್ನ ಕೆಲಸಾನೂ ಅದರಲ್ಲೇ ಇದೆ, ನೆನಪಿಟ್ಕೋ."

ಹೇಳುವಾಗ ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಎರಡು ವರ್ಷದಿಂದ ಅದು ನಡುಗುತ್ತಿತ್ತು. ರಟ್ಟಿನ ಕಿಂಡಿಗೆ ಓರೆ ಅಂಚು ಕೊಡಬಲ್ಲ ಕೈ ಆ ಅಂಗಡಿಯಲ್ಲಿ ಅವಳದೊಂದೇ.

ಅವಳು ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಿದಳು. ಹೊಸ ರಟ್ಟನ್ನು ಬೋರಲು ಹಾಕಿದಳು. ರಟ್ಟನ್ನು ಯಾವಾಗಲೂ ಬೆನ್ನಿನ ಕಡೆಯಿಂದಲೇ ಕತ್ತರಿಸುವುದು. ಗೆರೆ ಎಳೆಯುವಾಗ ಚಿತ್ರದ ಎಡ ಬಲಕ್ಕೆ ಬರುತ್ತದೆ. ಅಳತೆಪಟ್ಟಿ ಇಟ್ಟು ನಾಲ್ಕು ಬೆರಳಿಗೆ ಗೆರೆ ಎಳೆದಳು. ಗೆರೆಯನ್ನೇ ನೋಡುತ್ತ ನಿಂತಳು.

ಗಾಜಣ್ಣ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದ. "ಅಕ್ಕಾ," ಎಂದು ಪಿಸುಗುಟ್ಟಿದ, "ಗೆರೆ ಈ ಕಡೆ ಹಾಕ್ಬಿಡು. ಕುದುರೆ, ಕತ್ತಿ ಎಲ್ಲಾ ಮುಚ್ಚಿಹೋಗುತ್ತೆ. ಬೋರಲು ಕತ್ತರಿಸುವಾಗ ಎಡ ಬಲ ಆಯ್ತು ಅಂದ್ರಾಯ್ತು. ಯಾರು ಕೇಳ್ತಾರೆ?"

ಅವಳಿಗೆ ನಗು ಬಂತು. ಅರೆಗಳಿಗೆ ಆಸೆಯೂ ಆಯಿತು. ಆದರೆ ಹಾಗೆ ಮಾಡಿದರೆ ಅದು ಕೈತಪ್ಪು ಎನಿಸಿಕೊಳ್ಳುತ್ತದೆ. ಕೈತಪ್ಪಿಗೆ ಕ್ಷಮೆ ಕೇಳಬೇಕು, ಮತ್ತೆ ಕತ್ತರಿಸಿಕೊಡಬೇಕು. ಅವಳು ಕ್ಷಮೆ ಕೇಳುವ ಕೆಲಸ ಮಾಡಲು ತಯಾರಿರಲಿಲ್ಲ.

"ಆ ಕುದುರೆ ಮೇಲಿನವನೂ ಯುದ್ಧದಲ್ಲಿದ್ದ, ಇರ್ಲಿ ಬಿಡು," ಎಂದಳು, ಎಲ್ಲರಿಗೂ ಕೇಳುವಂತೆ. "ಯಾರನ್ನೂ ಮುಚ್ಚೋದು ಬೇಡ."

ರಬ್ಬರು ತೆಗೆದುಕೊಂಡು ಗೆರೆಯನ್ನು ಉಜ್ಜಿ ಅಳಿಸಿದಳು. ಪುಡಿಯನ್ನು ಊದಿದಳು.

ಕಾರ್ಯದರ್ಶಿ ಸ್ಟೂಲಿನಿಂದ ಎದ್ದರು. "ಏನ್ರೀ ಯಜಮಾನ್ರೇ, ನಿಮ್ಮ ಅಂಗಡೀಲಿ ಯಾರು ಯಾರ ಮಾತು ಕೇಳ್ತಾರೆ?"

ಯಜಮಾನರ ಮುಖ ಕೆಂಪೇರಿತು. ಅವರು ಹತ್ತಿರ ಬಂದು, ಮೇಜಿನ ಮೇಲಿನ ಬ್ಲೇಡನ್ನು ಅವಳ ಕಡೆಗೆ ತಳ್ಳಿದರು. "ಸುಮ್ನೆ ಕತ್ತರಿಸು. ತಮಾಷೆ ಸಾಕು."

ಅವಳು ಬ್ಲೇಡನ್ನು ಎತ್ತಿಕೊಂಡಳು, ಹಿಡಿಯ ಕಡೆಯಿಂದ ಅವರ ಅಂಗೈಯಲ್ಲಿಟ್ಟಳು. ಅದು ಅಲ್ಲಿ ನಡುಗಿತು. ಅವರು ಅದನ್ನು ಹಿಡಿದು ನಿಂತರು, ರಟ್ಟನ್ನು ನೋಡಿದರು, ಬಾಗಲಿಲ್ಲ.

"ನೀವೇ ಕಲಿಸಿದ್ದು ದೊಡ್ಡಪ್ಪ. ಮೊದಲಿನ ರಟ್ಟು ಇಲ್ಲೇ ಇದೆ, ಬೇಕಂದ್ರೆ ಈಗ್ಲೇ ಮತ್ತೆ ಕೂರಿಸಿಕೊಡ್ತೀನಿ, ಒಂಬತ್ತು ಜನಾನೂ ಸೇರಿಸಿ. ಕೆಲಸದಿಂದ ತೆಗೀತೀರಾ, ತೆಗೀರಿ. ಇದನ್ನ ಮಾತ್ರ ನಾನು ಕತ್ತರಿಸಲ್ಲ."